ಅರಸೀಕೆರೆಯ ಬಾಲಣ್ಣ: ಕೇಳದೆ ಆಡಿದ ಮಾತು

ಹಳೆಯ ಕನ್ನಡ ಸಿನಿಮಾದ ಬಾಯಿಮಾತಿನ ಪಾತ್ರಗಳನ್ನು ಒಂದೊಂದಾಗಿ ನೆನೆಯುತ್ತ ಹೋಗಿ. ಬಡ್ಡಿಗೆ ಸಾಲ ಕೊಟ್ಟು ಜಮೀನು ನುಂಗುವ ಸಾಹುಕಾರ, ಅಣ್ಣತಮ್ಮಂದಿರ ನಡುವೆ ಕಡ್ಡಿ ಗೀರುವ ಸೋದರಮಾವ, ಎರಡೂ ಕಡೆಯಿಂದ ಕಮಿಷನ್ ಹೊಡೆಯುವ ದಲ್ಲಾಳಿ, ನಗುನಗುತ್ತಲೇ ಮನೆ ಮುರಿಯುವ ಶಾನುಭೋಗ. ಇವರ ಕೈಯಲ್ಲಿ ಕತ್ತಿಯಿಲ್ಲ, ಹಿಂದೆ ಗೂಂಡಾಗಳ ದಂಡಿಲ್ಲ. ನಾಲಿಗೆಯೊಂದೇ ಆಯುಧ. ಇಂಥ ಪಾತ್ರಗಳನ್ನು ಲೆಕ್ಕವಿಡಲಾಗದಷ್ಟು ಆಡಿದವರು ಟಿ.ಎನ್. ಬಾಲಕೃಷ್ಣ. ಜನ ಕರೆದದ್ದು ಬಾಲಣ್ಣ ಎಂದು. 1943ರಿಂದ ಹಿಡಿದರೆ ಸುಮಾರು ಐದು ದಶಕ, ಐನೂರಕ್ಕೂ ಹೆಚ್ಚು ಚಿತ್ರ. ಇಷ್ಟು ಮಾತಾಡಿದ ಮನುಷ್ಯನಿಗೆ ಎದುರಿನವರ ಮಾತು ಕೇಳಿಸುತ್ತಿರಲಿಲ್ಲ.

ಈ ಸಂಗತಿ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಕೈಮುಗಿಯುತ್ತಾರೆ. ಪವಾಡ, ದೈವದತ್ತ ಪ್ರತಿಭೆ ಮುಂತಾದ ಮಾತು ಬರುತ್ತವೆ. ಆ ಕೈಮುಗಿಯುವುದರ ಬಗ್ಗೆ ನನ್ನದೊಂದು ತಕರಾರಿದೆ. ಪವಾಡ ಎಂದ ಕೂಡಲೇ ಅದರ ಹಿಂದಿನ ದುಡಿಮೆ ಮರೆಯಾಗುತ್ತದೆ. ಕಿವಿ ಮಂದವಾದ ಹುಡುಗನೊಬ್ಬ ಮಾತಿನ ನಟನಾದದ್ದು ಹೇಗೆ ಎಂದು ನಿಜವಾಗಿ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಅದು ಕಂಪನಿ ನಾಟಕದ ಕಸುಬಿನಲ್ಲಿದೆ.

ಬಾಲಣ್ಣನ ಊರು ಅರಸೀಕೆರೆ. ಹೊರಗಿನವರಿಗೆ ಅದು ಜಂಕ್ಷನ್, ಅಷ್ಟೇ. ಬೇಲೂರು, ಹಳೇಬೀಡು ನೋಡಲು ಹೊರಟವರು ರೈಲಿಳಿದು ಬಸ್ಸು ಹತ್ತುವ ಜಾಗ. ಊರೊಳಗೇ 1220ರ ಹೊಯ್ಸಳ ಶಿವಾಲಯವಿದೆ, ಅದರ ಮುಂದಿನ ನಕ್ಷತ್ರಾಕಾರದ ತೆರೆದ ಮಂಟಪದಂಥದ್ದು ಬೇಲೂರಿನಲ್ಲೂ ಇಲ್ಲ ಎಂಬುದು ಬಸ್ಸು ಹಿಡಿಯುವ ಅವಸರದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಸುತ್ತಲ ಹಳ್ಳಿಗಳಿಗೆ ಅರಸೀಕೆರೆ ಎಂದರೆ ಕೊಬ್ಬರಿ ಮಾರುಕಟ್ಟೆ, ಮಾಲೇಕಲ್ಲು ತಿರುಪತಿಯ ಜಾತ್ರೆ, ಬಿಸಿಲು.

ನಾಟಕದವರ ಕಣ್ಣಿಗೆ ಮಾತ್ರ ಈ ಊರು ಬೇರೆ ಥರ ಕಂಡಿರಬೇಕು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ರೈಲು ಹಾದಿಯನ್ನು ನೋಡಿ: ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು. ಅರಸೀಕೆರೆಯಲ್ಲಿ ಕವಲೊಡೆದ ಇನ್ನೊಂದು ಹಳಿ ಹಾಸನದ ಮೇಲೆ ಮೈಸೂರಿಗೆ ಇಳಿಯುತ್ತದೆ. ಪರದೆಗಳು, ಪೆಟ್ಟಿಗೆಗಳು, ಕಿರೀಟ, ಗದೆ, ಅಡುಗೆಯ ಹಂಡೆ, ಹೆಂಡತಿ ಮಕ್ಕಳ ಸಮೇತ ಊರಿಂದೂರಿಗೆ ಕ್ಯಾಂಪ್ ಹಾಕುವ ಕಂಪನಿಗಳಿಗೆ ರೈಲು ಹಾದಿಯೇ ಹೊಟ್ಟೆಪಾಡಿನ ಹಾದಿ. ಈ ಸಾಲಿನ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವೇ ಮುಂದೆ ವೀರಣ್ಣನವರ ಕೈಯಲ್ಲಿ ದೊಡ್ಡ ಗುಬ್ಬಿ ಕಂಪನಿಯಾಯಿತು. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ಹುಡುಗ ಹಾಸ್ಯ ಚಕ್ರವರ್ತಿ ನರಸಿಂಹರಾಜು ಆದ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು, ತಿಪಟೂರಿನ ಪಕ್ಕದ ಅರಸೀಕೆರೆಯಲ್ಲಿ ಬಾಲಕೃಷ್ಣ ಹುಟ್ಟಿದ್ದರು. ಕನ್ನಡ ತೆರೆಯ ಇಬ್ಬರು ದೊಡ್ಡ ನಗೆಗಾರರು ಒಂದೇ ಹಳಿಯ ಮೇಲಿನ ಅಕ್ಕಪಕ್ಕದ ಊರುಗಳಿಂದ ಬಂದದ್ದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ನನಗಂತೂ ಮನಸ್ಸಾಗುವುದಿಲ್ಲ. ಕಂಪನಿ ಬಂದ ಊರಿನಲ್ಲೇ ಹುಡುಗರು ಮನೆ ಬಿಟ್ಟು ಓಡಿಹೋಗುವುದು.

ಬಾಲಕೃಷ್ಣನಿಗೆ ಬಿಟ್ಟು ಓಡಲು ಹೇಳಿಕೊಳ್ಳುವಂಥ ಮನೆಯೂ ಇರಲಿಲ್ಲ. ಅವರ ಬಾಲ್ಯದ ಕಥೆ ಸಿನಿಮಾದವರು ಬರೆದಿದ್ದರೆ ಜಾಸ್ತಿಯಾಯಿತು ಎನ್ನಿಸುತ್ತಿತ್ತು. ಕಡುಬಡತನ, ಹಾಸಿಗೆ ಹಿಡಿದ ತಂದೆ. ಔಷಧಿಗೆ ದುಡ್ಡಿಲ್ಲದೆ ತಾಯಿ ಎಳೆಯ ಮಗನನ್ನೇ ಬೇರೆಯವರಿಗೆ ಕೊಟ್ಟು ಹಣ ಪಡೆದಳು ಎನ್ನುತ್ತಾರೆ, ಎಂಟು ರೂಪಾಯಿ ಎಂದು ಮೊತ್ತವನ್ನೂ ಹೇಳುತ್ತಾರೆ. ಮೊತ್ತ ಎಷ್ಟಾದರೂ ಇರಲಿ, ಮಗು ಹೆತ್ತವರಿಂದ ದೂರವಾಯಿತು. ಸಾಕಿದ ಮನೆಯಲ್ಲೂ ಸುಖ ಕಾಣಲಿಲ್ಲ. ಚಿಕ್ಕಂದಿನಲ್ಲೇ ಕಿವಿಯೂ ಕೈಕೊಟ್ಟಿತು. ಇಂಥ ಹುಡುಗನಿಗೆ ಶಾಲೆ ಬಾಗಿಲು ಮುಚ್ಚುತ್ತದೆ, ಅಂಗಡಿಯಲ್ಲಿ ಗಿರಾಕಿಯ ಮಾತು ತಿಳಿಯುವುದಿಲ್ಲ. ನಾಟಕದ ಕಂಪನಿ ಮಾತ್ರ ಯಾರನ್ನೂ ಬೇಡ ಎನ್ನುತ್ತಿರಲಿಲ್ಲ. ಔದಾರ್ಯದಿಂದಲೇ ಎಂದೇನಲ್ಲ. ಅಲ್ಲಿ ಮೈಮುರಿಯುವ ಕೆಲಸ ಬೇಕಾದಷ್ಟಿರುತ್ತಿತ್ತು, ಸಂಬಳ ಕಡಿಮೆ, ಊಟ ಕಂಪನಿಯದು.

ಕಂಪನಿ ಸೇರಿದ ಹುಡುಗ ಏನೇನು ಮಾಡಬೇಕಿತ್ತು ಎಂಬುದನ್ನು ಆ ಕಾಲದ ಅನೇಕ ಕಲಾವಿದರು ಹೇಳಿಕೊಂಡಿದ್ದಾರೆ. ಊರೆಲ್ಲ ಸುತ್ತಿ ಹ್ಯಾಂಡ್‌ಬಿಲ್ ಹಂಚುವುದು, ಬೋರ್ಡು ಬರೆಯುವುದು, ಪರದೆಯ ಹಗ್ಗ ಎಳೆಯುವುದು, ಗೇಟಿನಲ್ಲಿ ನಿಲ್ಲುವುದು, ಮಾಲೀಕರ ಮನೆಯವರಿಗೆ ನೀರು ಹೊತ್ತು ಹಾಕುವುದು. ಪಾತ್ರ ಸಿಕ್ಕುವುದು ಯಾರಿಗಾದರೂ ಜ್ವರ ಬಂದಾಗ. ಹಾಗೆ ಒಂದು ರಾತ್ರಿಗೆ ಬದಲಿಯಾಗಿ ನಿಂತವನು ಗೆದ್ದರೆ ಆ ಪಾತ್ರ ಅವನದು. ಆದ್ದರಿಂದ ಕಂಪನಿಯ ಚುರುಕು ಹುಡುಗರೆಲ್ಲ ತಮ್ಮ ಪಾತ್ರವಷ್ಟೇ ಅಲ್ಲ, ಇಡೀ ನಾಟಕವನ್ನೇ ಬಾಯಿಪಾಠ ಮಾಡಿರುತ್ತಿದ್ದರು. ರಾಜಾಪಾರ್ಟಿನವನ ಮಾತು, ಸ್ತ್ರೀಪಾತ್ರದ ಮಾತು, ಹಾಸ್ಯದವನು ಆ ಊರಿಗೆಂದು ಸೇರಿಸುವ ಚಟಾಕಿ, ಎಲ್ಲವೂ.

ಬಾಲಣ್ಣನ ವಿದ್ಯೆಯ ಬುಡ ಇಲ್ಲಿದೆ. ಕಿವಿ ಕೇಳುವ ನಟನಿಗೆ ಎರಡು ಊರುಗೋಲು ಇರುತ್ತವೆ. ಎದುರು ಪಾತ್ರದ ಕೊನೆಯ ಮಾತು ಕಿವಿಗೆ ಬಿದ್ದೊಡನೆ ತನ್ನ ಮಾತು ತಾನಾಗಿ ಬಾಯಿಗೆ ಬರುತ್ತದೆ, ಇದು ಮೊದಲನೆಯದು. ಮರೆತರೆ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತ ಪ್ರಾಂಪ್ಟರ್ ಪಿಸುಗುಟ್ಟುತ್ತಾನೆ, ಇದು ಎರಡನೆಯದು. ಬಾಲಣ್ಣನಿಗೆ ಎರಡೂ ಇಲ್ಲ. ಅವರು ಮಾಡಿದ್ದು ಎಲ್ಲರ ಮಾತನ್ನೂ ತಲೆಯೊಳಗೆ ಇಟ್ಟುಕೊಂಡು, ಎದುರಿಗಿದ್ದವರ ತುಟಿಯ ಮೇಲೆ ಕಣ್ಣು ನೆಟ್ಟು, ನಾಟಕ ಈಗ ಎಲ್ಲಿದೆ ಎಂದು ಅಳೆಯುತ್ತ ಹೋಗುವುದನ್ನು.

ತುಟಿ ಓದುವುದು ಎಂದರೆ ಸುಲಭ ಎನ್ನಿಸಬಹುದು. ಮನೆಯಲ್ಲಿ ಟೀವಿಯ ಸದ್ದು ಪೂರ್ತಿ ತೆಗೆದು ಒಂದು ವಾರ್ತೆ ನೋಡಿದರೆ ಸಾಕು, ಆ ಭ್ರಮೆ ಹೋಗುತ್ತದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ ಗಂಟಲ ಹತ್ತಿರ ಹುಟ್ಟುತ್ತವೆ, ಹೊರಗಿನಿಂದ ಕಾಣುವುದೇ ಇಲ್ಲ. ಟ, ಡ, ಣ ಬಾಯೊಳಗೆ ನಾಲಿಗೆ ಮಡಚಿ ಆಗುವ ಕೆಲಸ. ಪಾಲು ಎಂದರೋ ಮಾಲು ಎಂದರೋ ಬರೀ ತುಟಿಯಿಂದ ತಿಳಿಯುವುದು ಕಷ್ಟ. ತುಟಿ ಕೊಡುವುದು ಸುಳಿವು ಮಾತ್ರ. ಮುಂದೆ ಬರಬಹುದಾದ ಮಾತು ಮೊದಲೇ ಗೊತ್ತಿದ್ದವನಿಗೆ ಆ ಸುಳಿವು ಸಾಕಾಗುತ್ತದೆ, ಗೊತ್ತಿಲ್ಲದವನಿಗೆ ಏನೂ ಹೊಳೆಯುವುದಿಲ್ಲ. ಬಾಲಣ್ಣನ ಬಂಡವಾಳ ಕಣ್ಣಿನಷ್ಟೇ ಜ್ಞಾಪಕಶಕ್ತಿಯೂ ಹೌದು. ಕಂಪನಿ ನಾಟಕ ಬೇರೆಲ್ಲದಕ್ಕಿಂತ ಹೆಚ್ಚಾಗಿ ಬೆಳೆಸಿದ್ದು ಈ ಶಕ್ತಿಯನ್ನೇ.

ಇನ್ನೂ ಒಂದು ತೊಡಕಿತ್ತು. ಆ ಕಾಲದ ನಾಟಕ ಸಂಗೀತದ ನಾಟಕ. ಕಾಲು ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು ಶ್ರುತಿ ಹಿಡಿದರೆ ರಾಜಾಪಾರ್ಟಿನವನು ಕಂದಪದ್ಯ ಎತ್ತಬೇಕು, ಜನ ಒನ್ಸ್‌ಮೋರ್ ಕೂಗಬೇಕು. ಶ್ರುತಿ ಕೇಳದವನು ನಾಯಕನಾಗುವ ಮಾತೇ ಇಲ್ಲ. ಉಳಿದದ್ದು ಹಾಸ್ಯ ಮತ್ತು ಖಳ, ಅಂದರೆ ಗದ್ಯದ ಪಾತ್ರಗಳು. ಬಾಲಣ್ಣ ನಟಿಸಿದ ಪಾತ್ರಗಳ ಜಾತಿ ಹೀಗೆ ಅರ್ಧ ಅಲ್ಲೇ ತೀರ್ಮಾನವಾಗಿತ್ತು ಎಂದು ನಾನು ಊಹಿಸುತ್ತೇನೆ. ಅವರ ದನಿಯ ವಿಚಾರವೂ ಹಾಗೆಯೇ. ತನ್ನ ದನಿ ತನಗೆ ಸರಿಯಾಗಿ ಕೇಳದವನು ಅದನ್ನು ಎದೆಯ, ಗಂಟಲಿನ ಕಂಪನದಲ್ಲಿ ಅಂದಾಜು ಮಾಡಬೇಕು. ಬಾಲಣ್ಣನ ಮಾತಿನಲ್ಲಿ ಒಂದು ಎಳೆತವಿದೆ. ಪದದ ಕೊನೆಯನ್ನು ಹಿಡಿದು ಜಗ್ಗಿ, ಅಲ್ಲೊಂದು ಕ್ಷಣ ನಿಂತು, ಎದುರಿನವನ ಮುಖ ನೋಡಿ ಬಿಡುವ ರೀತಿ. ಪ್ರೇಕ್ಷಕರು ಅದನ್ನು ಕುತಂತ್ರಿಯ ಲಕ್ಷಣ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅದು ಎದುರಿನವರ ತುಟಿಗೆ ಕಾಯುವ ಮನುಷ್ಯನ ಲಯವೂ ಆಗಿದ್ದೀತು. ಕೊರತೆ ಶೈಲಿಯಾಗಿ ಬದಲಾಗುವುದು ಕಲೆಯಲ್ಲಿ ಹೊಸದೇನಲ್ಲ.

ತೆರೆಗೆ ಬಂದದ್ದು 1943ರಲ್ಲಿ, ‘ರಾಧಾ ರಮಣ’ದಲ್ಲಿ. ಎಂ.ವಿ. ರಾಜಮ್ಮ ನಿರ್ಮಿಸಿದ ಚಿತ್ರ, ಕನ್ನಡದಲ್ಲಿ ಹೆಣ್ಣುಮಗಳೊಬ್ಬಳು ನಿರ್ಮಾಪಕಿಯಾದದ್ದು ಆಗಲೇ ಮೊದಲು. ನಂಜನಗೂಡಿನ ಜಿ.ವಿ. ಅಯ್ಯರ್ ಮುಖ ತೋರಿಸಿದ್ದೂ ಅದರಲ್ಲೇ. ಮಹಾಯುದ್ಧ ನಡೆಯುತ್ತಿತ್ತು, ಕಚ್ಚಾ ಫಿಲಂ ಸಿಗುವುದೇ ದುಸ್ತರ. ವರ್ಷಕ್ಕೆ ಕನ್ನಡದಲ್ಲಿ ಎರಡೋ ಮೂರೋ ಚಿತ್ರ ಬಂದರೆ ದೊಡ್ಡದು, ಯಾವುದೂ ಬರದ ವರ್ಷವೂ ಉಂಟು. ಸಿನಿಮಾ ನಟ ಎಂಬ ಉದ್ಯೋಗವೇ ಕನ್ನಡದಲ್ಲಿ ಆಗ ಇರಲಿಲ್ಲ. ಒಂದು ಚಿತ್ರ ಮುಗಿಸಿದವರು ಮತ್ತೆ ಕಂಪನಿಗೆ ಹೋಗಿ ಬಣ್ಣ ಹಚ್ಚುತ್ತಿದ್ದರು.

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ಬಂತು. ರಾಜಕುಮಾರ್ ನಾಯಕರಾದರು, ನರಸಿಂಹರಾಜು ತೆರೆಗೆ ಬಂದರು. ಚಿತ್ರಗಳ ಸಂಖ್ಯೆ ಏರತೊಡಗಿತು. ಬಾಲಣ್ಣ ಆಗಲೇ ನಲವತ್ತು ದಾಟಿದ್ದರು. ನಾಯಕನಾಗುವ ವಯಸ್ಸು ಅದಲ್ಲ. ಸಾಹುಕಾರನಾಗಲು, ಮಾವನಾಗಲು ಹೇಳಿ ಮಾಡಿಸಿದ ವಯಸ್ಸು. ಪೋಷಕ ನಟರ ಲೆಕ್ಕಾಚಾರವೇ ಬೇರೆ. ನಾಯಕ ವರ್ಷಕ್ಕೆ ನಾಲ್ಕು ಚಿತ್ರ ಮಾಡಿದರೆ ಪೋಷಕ ನಟ ಹತ್ತು ಹನ್ನೆರಡು ಮಾಡಬಲ್ಲ, ಒಂದೊಂದರಲ್ಲೂ ಕೆಲವೇ ದಿನದ ಕಾಲ್‌ಶೀಟು. ಬೆಳಗ್ಗೆ ಒಂದು ಸ್ಟುಡಿಯೋದಲ್ಲಿ ಪೌರಾಣಿಕದ ಗಡ್ಡ, ಮಧ್ಯಾಹ್ನ ಇನ್ನೊಂದರಲ್ಲಿ ಕೋಟು ಪೇಟ. ಐನೂರರ ಲೆಕ್ಕ ಬಂದದ್ದು ಹೀಗೆ. ಅಷ್ಟು ಚಿತ್ರಗಳಲ್ಲಿ ಮರೆಯಬೇಕಾದವೂ ಬೇಕಾದಷ್ಟಿವೆ, ಸುಳ್ಳೇಕೆ.

ಆದರೆ ಸಿನಿಮಾದ ಸೆಟ್ಟು ನಾಟಕದ ರಂಗದಷ್ಟು ಸಲೀಸಲ್ಲ. ನಾಟಕದಲ್ಲಿ ನೂರು ರಾತ್ರಿ ಅದೇ ಮಾತು, ಸಿನಿಮಾದಲ್ಲಿ ಮಾತು ಆ ಬೆಳಗ್ಗೆ ಕೈಗೆ ಬರುತ್ತದೆ. ನಾಟಕ ಮೊದಲಿನಿಂದ ಕೊನೆಗೆ ಹರಿಯುತ್ತದೆ, ಸಿನಿಮಾದಲ್ಲಿ ಕ್ಲೈಮ್ಯಾಕ್ಸ್ ಮೊದಲು ತೆಗೆದು ಮದುವೆ ಆಮೇಲೆ ತೆಗೆಯುತ್ತಾರೆ. ಆ ದಿನಗಳಲ್ಲಿ ಮಾತನ್ನು ಹೆಚ್ಚಾಗಿ ಸೆಟ್ಟಿನಲ್ಲೇ ಹಿಡಿಯುತ್ತಿದ್ದರು, ನಟರ ನೆತ್ತಿಯ ಮೇಲೆ ಮೈಕು ತೂಗುತ್ತಿತ್ತು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದರೆ ಟೇಕು ಹಾಳು, ಫಿಲಂ ದಂಡ. ಕಿವಿ ಕೇಳುವವರೇ ತಡವರಿಸುವ ಜಾಗದಲ್ಲಿ ಬಾಲಣ್ಣ ಎದುರಿನವರ ಸಂಭಾಷಣೆಯನ್ನೂ ತಮ್ಮದರ ಜೊತೆಗೇ ಉರು ಹೊಡೆದು ನಿಲ್ಲುತ್ತಿದ್ದರು. ತುಟಿ ಯಾವಾಗ ನಿಲ್ಲುತ್ತದೋ ಆಗ ಇವರ ಸರದಿ. ಗುಂಪಿನ ದೃಶ್ಯದಲ್ಲಿ ಎಲ್ಲರೂ ಕ್ಯಾಮೆರಾ ಕಡೆ ಮುಖ ಮಾಡಿ ನಿಂತಾಗ ಏನು ಮಾಡುತ್ತಿದ್ದರು ಎಂಬುದನ್ನು ಯೋಚಿಸಿದರೆ ಅವರ ಅಷ್ಟಗಲದ ಕಣ್ಣುಗಳು, ಆ ಓರೆನೋಟ ಬೇರೆ ಅರ್ಥ ಪಡೆಯುತ್ತವೆ. ಸಂಚು ಹೂಡುವವನಂತೆ ಪಕ್ಕದವರನ್ನು ಕಣ್ಣಂಚಿನಲ್ಲಿ ಅಳೆಯುವುದು ಅವರಿಗೆ ಪಾತ್ರಕ್ಕೂ ಬೇಕಿತ್ತು, ಕೆಲಸಕ್ಕೂ ಬೇಕಿತ್ತು.

ಹೊರಗಿನ ಜಗತ್ತಿನ ಜೊತೆ ಇದನ್ನು ಇಟ್ಟು ನೋಡಬಹುದು. ‘ಚಿಲ್ಡ್ರನ್ ಆಫ್ ಎ ಲೆಸ್ಸರ್ ಗಾಡ್’ ಚಿತ್ರಕ್ಕಾಗಿ ಮಾರ್ಲಿ ಮ್ಯಾಟ್ಲಿನ್ 1987ರಲ್ಲಿ ಆಸ್ಕರ್ ಪಡೆದಾಗ, ಕಿವುಡ ಕಲಾವಿದರೊಬ್ಬರಿಗೆ ನಟನೆಯ ಆಸ್ಕರ್ ಬಂದದ್ದು ಅದೇ ಮೊದಲು. 2022ರಲ್ಲಿ ‘ಕೋಡಾ’ ಚಿತ್ರದ ಟ್ರಾಯ್ ಕೊಟ್ಸರ್ ಎರಡನೆಯವರಾದರು. ಇಬ್ಬರೂ ಆಡಿದ್ದು ಕಿವುಡರ ಪಾತ್ರವನ್ನೇ, ಸನ್ನೆ ಭಾಷೆಯಲ್ಲಿ. ಅದು ಅವರ ಹೆಮ್ಮೆ, ಹೋರಾಟದ ಫಲ. ಬಾಲಣ್ಣನ ದಾರಿ ತೀರಾ ಬೇರೆ. ಅವರ ಹೆಸರಾದ ಪಾತ್ರಗಳೆಲ್ಲ ಕಿವಿ ಚೆನ್ನಾಗಿ ಕೇಳುವ, ಬಾಗಿಲ ಮರೆಯಲ್ಲಿ ನಿಂತು ಬೇರೆಯವರ ಗುಟ್ಟು ಕದ್ದು ಕೇಳುವ ಜನರವು. ಎನ್. ಲಕ್ಷ್ಮೀನಾರಾಯಣ್ 1964ರಲ್ಲಿ ‘ನಾಂದಿ’ ಮಾಡಿದರು. ಕಿವಿ ಕೇಳದ, ಮಾತು ಬಾರದ ಹೆಂಡತಿಯ ಪಾತ್ರವನ್ನು ಹರಿಣಿ ಬಹಳ ಚೆನ್ನಾಗಿ ಮಾಡಿದ ಚಿತ್ರ, ಕಿವುಡರ ಬದುಕನ್ನು ಗಂಭೀರವಾಗಿ ನೋಡಿದ ಕನ್ನಡದ ಮೊದಮೊದಲ ಕೃತಿ. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಮದರಾಸಿನ ಕೊಡಂಬಾಕಂ ಓಣಿಗಳಲ್ಲಿ ಬಾಲಣ್ಣ ಇನ್ಯಾವುದೋ ಸೆಟ್ಟಿನಲ್ಲಿ ನಿಂತು ಪಟಪಟನೆ ಮಾತಾಡುತ್ತಿದ್ದರು. ತಮ್ಮ ಕಿವಿಯನ್ನು ಅವರು ಮಾರಿಕೊಳ್ಳಲಿಲ್ಲ. ಪ್ರೇಕ್ಷಕರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇರಲಿಲ್ಲ.

ಐವತ್ತರ ದಶಕದ ಕೊನೆಗೆ ಕನ್ನಡ ಚಿತ್ರರಂಗ ಸೊರಗಿತು. ರಾಜ್ಯ ಒಂದಾಗಿತ್ತು, ಆದರೆ ಕನ್ನಡ ಚಿತ್ರ ಮದರಾಸಿನಲ್ಲಿ ತಯಾರಾಗುತ್ತಿತ್ತು. ಬೆಂಗಳೂರಿನ ಥಿಯೇಟರುಗಳಲ್ಲೇ ಅದಕ್ಕೆ ಜಾಗ ಸಿಗುವುದು ಕಷ್ಟ. ಹಣ ಹಾಕುವವರು ಹಿಂಜರಿದರು. ಆಗ ಕಲಾವಿದರು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಮಾಡಿದ ಮೊದಲ ಕೆಲಸ ಏನು? ನಾಟಕ ಆಡಿದ್ದು. ಸಿನಿಮಾದಲ್ಲಿ ಹೆಸರು ಮಾಡಿದವರು ಮತ್ತೆ ಪರದೆ ಕಟ್ಟಿಕೊಂಡು ರಾಜ್ಯ ಸುತ್ತಿದರು, ಜನರ ಎದುರು ನಿಂತರು, ಟಿಕೆಟ್ಟಿನ ಹಣ ಕೂಡಿಸಿದರು. ಸಂಘದ ಹೆಸರಿನಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ ಬಂತು. ನಿರ್ಮಾಪಕರು ನಾಲ್ವರು: ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ.

ಈ ನಾಲ್ಕು ಹೆಸರಿನ ಮೇಲೆ ಸ್ವಲ್ಪ ನಿಲ್ಲಬೇಕು. ಒಬ್ಬರು ನಾಯಕ, ಒಬ್ಬರು ಬರಹಗಾರ, ಇಬ್ಬರು ನಗಿಸುವವರು. ಬಂಡವಾಳಗಾರ ಒಬ್ಬನೂ ಇಲ್ಲ. ನಾಲ್ವರೂ ಕಂಪನಿಯ ಊಟ ಉಂಡು ಬೆಳೆದವರು. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದ ದೊರೆ, ತಿರುಚನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆ ಹಳೇ ಮೈಸೂರಿನ ಮನೆಮನೆಗೆ ಗೊತ್ತಿದ್ದದ್ದು. ಮದರಾಸಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅವಕಾಶಕ್ಕೆ ಅಲೆಯುತ್ತಿದ್ದ ಕನ್ನಡದ ನಟರು ಆ ಕಥೆಯನ್ನೇ ಏಕೆ ಆರಿಸಿಕೊಂಡರು ಎಂದು ಬಿಡಿಸಿ ಹೇಳಬೇಕಿಲ್ಲ. ಮರುವರ್ಷದ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜಕುಮಾರ್ ಕುರುಡ ಗಾಯಕನಾದರು, ಬಾಲಣ್ಣನೂ ಅದರಲ್ಲಿದ್ದರು. ಕಣ್ಣಿದ್ದವರು ಕುರುಡರಾಗಿ, ಕಿವಿ ಕೇಳದವರು ಕೇಳುವವರಾಗಿ ಒಂದೇ ಚೌಕಟ್ಟಿನೊಳಗೆ. ನಟನೆ ಎಂದರೆ ಇದೇ ಎಂದು ಯಾರಾದರೂ ಪಾಠ ಮಾಡಬಹುದಾದ ಚಿತ್ರ.

ಖಳ ಎಂದರೆ ಗುಡುಗುವ ವಜ್ರಮುನಿ, ಕಟ್ಟುಮಸ್ತಾದ ತೂಗುದೀಪ ಶ್ರೀನಿವಾಸ್ ಎಂದು ಒಂದು ತಲೆಮಾರು ಬೆಳೆಯಿತು. ಅವರು ಬಂದರೆ ಹೆದರಿಕೆಯಾಗುತ್ತಿತ್ತು. ಬಾಲಣ್ಣ ಬಂದರೆ ಹೆದರಿಕೆಯಾಗುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಯಾಕೆಂದರೆ ಅಂಥವರು ನಮ್ಮೂರಲ್ಲೇ ಇದ್ದರು. ಪಂಚಾಯ್ತಿ ಕಟ್ಟೆಯಲ್ಲಿ, ಸೊಸೈಟಿಯಲ್ಲಿ, ಕೆಲವೊಮ್ಮೆ ಮನೆಯ ಜಗಲಿಯ ಮೇಲೇ ಕೂತು ಎಲೆಯಡಿಕೆ ಜಗಿಯುತ್ತಿದ್ದರು. ಅರಸೀಕೆರೆಯ ಸಂತೆಯಲ್ಲಿ ಕೊಬ್ಬರಿ ತೂಕದಲ್ಲಿ ಒಂದು ಸೇರು ಹೊಡೆದು ‘ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ ಸ್ವಾಮಿ’ ಎನ್ನುವವನ ಮುಖಕ್ಕೆ ಒಂದು ಹೆಸರು ಬೇಕಿತ್ತು, ಬಾಲಣ್ಣ ತಮ್ಮದನ್ನು ಕೊಟ್ಟರು. ಈ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಡ್ರಾಮಾ ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ ಕುರುಕ್ಷೇತ್ರ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು ದುಡ್ಡು ಕಟ್ಟಬೇಕು, ಕೃಷ್ಣನಿಗೆ ಹಾಡು ಬರಬೇಕು. ಶಕುನಿ ಸಿಗುವುದು ಮಾತು ಬಲ್ಲವನಿಗೆ. ಬಾಲಣ್ಣನ ಸಾಮಾಜಿಕ ಖಳರೆಲ್ಲ ಆ ಶಕುನಿಯ ಮಕ್ಕಳೇ.

ಇಷ್ಟೆಲ್ಲ ದುಡಿದವರು ದುಡ್ಡನ್ನು ಏನು ಮಾಡಿದರು? ಸ್ಟುಡಿಯೋ ಕಟ್ಟಿದರು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು, ಬೆಂಗಳೂರಿನಲ್ಲಿ 1966ರಲ್ಲಿ ಕಂಠೀರವ ಸ್ಟುಡಿಯೋ ಆಗಿತ್ತು. ಸಾಲದು ಎಂದು ಬಾಲಣ್ಣನಿಗೆ ಅನ್ನಿಸಿತು. ಕನ್ನಡ ಚಿತ್ರಕ್ಕೆ ಕನ್ನಡದ ನೆಲದಲ್ಲೇ ಸೆಟ್ಟು ಏಳಬೇಕು, ಮದರಾಸಿನ ಬಾಡಿಗೆ ತಪ್ಪಬೇಕು ಎಂಬ ಹಟ. 1970ರ ಆಸುಪಾಸಿನಲ್ಲಿ ಸರ್ಕಾರ ಕೆಂಗೇರಿ ಹತ್ತಿರದ ಮೈಲಸಂದ್ರದಲ್ಲಿ 20 ಎಕರೆ ಕೊಟ್ಟಿತು, ಸ್ಟುಡಿಯೋಗೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ. ತಮ್ಮ ಗಳಿಕೆ ಸುರಿದರು, ಸಾಲದೆ ಜನರ ಮುಂದೆ ಕೈಯೊಡ್ಡಿದರು. ಒಬ್ಬೊಬ್ಬರು ಒಂದೊಂದು ರೂಪಾಯಿ ಕೊಡಿ ಎಂಬ ಅವರ ಕೋರಿಕೆ ಹಳಬರಿಗೆ ನೆನಪಿದೆ. ಹೆಸರು ಅಭಿಮಾನ್ ಸ್ಟುಡಿಯೋ.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಅದು ತಪ್ಪು ಸಮಯದ ತಪ್ಪು ಹೂಡಿಕೆ. ಅಷ್ಟರಲ್ಲಿ ಸಿನಿಮಾ ಸ್ಟುಡಿಯೋ ಬಿಟ್ಟು ಹೊರಗೆ ಹೊರಟಿತ್ತು. ಎಪ್ಪತ್ತರ ದಶಕದ ಕನ್ನಡ ಚಿತ್ರ ನಿಜವಾದ ಹಳ್ಳಿ, ನಿಜವಾದ ಕಾಡು, ನಿಜವಾದ ಮನೆ ಹುಡುಕಿಕೊಂಡು ಹೋಯಿತು. ಸೆಟ್ಟಿನ ಗೋಡೆ ಕಟ್ಟಿ ಕಾದವರಿಗೆ ಗಿರಾಕಿ ಕಡಿಮೆಯಾದರು. ಬೆಂಗಳೂರು ಅಂಚಿನ ಜಮೀನಿಗೆ ಮುಂದೆ ಯಾವ ಬೆಲೆ ಬಂತು ಎಂಬುದು ಗೊತ್ತಿರುವ ವಿಷಯ, ಆದರೆ ಅದು ಸಿನಿಮಾದ ಬೆಲೆಯಲ್ಲ. ಬಾಲಣ್ಣ ಬಯಸಿದ ಮಟ್ಟಕ್ಕೆ ಸ್ಟುಡಿಯೋ ಬೆಳೆಯಲೇ ಇಲ್ಲ. 1995ರ ಜುಲೈ 19ರಂದು ಅವರು ತೀರಿಕೊಂಡರು.

2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ನಿಧನರಾದರು. ಅವರ ಅಂತ್ಯಸಂಸ್ಕಾರ ನಡೆದದ್ದು ಅಭಿಮಾನ್ ಸ್ಟುಡಿಯೋದಲ್ಲಿ. ಅಲ್ಲಿಂದ ಆ ಜಾಗಕ್ಕೆ ಹೊಸ ಗುರುತು, ಹೊಸ ವ್ಯಾಜ್ಯ. ಸ್ಮಾರಕ ಎಲ್ಲಾಗಬೇಕು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆದು, ಕೊನೆಗೆ 2023ರ ಜನವರಿಯಲ್ಲಿ ಮೈಸೂರಿನಲ್ಲಿ ಸರ್ಕಾರಿ ಸ್ಮಾರಕ ಉದ್ಘಾಟನೆಯಾಯಿತು. 2025ರ ಆಗಸ್ಟಿನಲ್ಲಿ ಸ್ಟುಡಿಯೋದೊಳಗಿನ ಸಮಾಧಿಯನ್ನು ತೆರವುಗೊಳಿಸಿದಾಗ ಅಭಿಮಾನಿಗಳು ಬೀದಿಗಿಳಿದರು. ಆ ಜಮೀನು ಯಾರದು, ಷರತ್ತು ಪಾಲನೆಯಾಯಿತೇ ಎಂಬ ಪ್ರಶ್ನೆ ಮತ್ತೆ ಮೇಲೆದ್ದಿತು. ಕಂಠೀರವ ಸ್ಟುಡಿಯೋದಲ್ಲೂ ರಾಜಕುಮಾರ್, ಅಂಬರೀಶ್, ಪುನೀತ್ ಮಲಗಿದ್ದಾರೆ. ಚಿತ್ರೀಕರಣಕ್ಕೆಂದು ಕಟ್ಟಿದ ಬೆಂಗಳೂರಿನ ಎರಡು ಸ್ಟುಡಿಯೋಗಳ ವಿಳಾಸವನ್ನು ಈಗ ಆಟೋದವರು ಸಮಾಧಿಯ ಗುರುತಿನಿಂದಲೇ ಹೇಳುತ್ತಾರೆ. ಬಾಲಕೃಷ್ಣ ಎಂಬ ಹೆಸರು ಈಚಿನ ಪತ್ರಿಕೆಗಳಲ್ಲಿ ಕಂಡರೆ ಅದು ಬಹುಪಾಲು ಜಮೀನಿನ ಸುದ್ದಿಯಲ್ಲಿ. ಇದು ಅವರಿಗಾದ ಅನ್ಯಾಯ ಎಂದೇ ನನ್ನ ಎಣಿಕೆ. ಐನೂರು ಪಾತ್ರ ಕಟ್ಟಿದವರನ್ನು 20 ಎಕರೆಯಲ್ಲಿ ಅಳೆಯುವುದು ಸರಿಯಲ್ಲ.

ಹೊಸಬರು ಅವರನ್ನು ಎಲ್ಲಿ ನೋಡಬೇಕು ಎಂದರೆ ನಾನು ‘ಬಂಗಾರದ ಮನುಷ್ಯ’ವನ್ನೇ ಹೇಳುತ್ತೇನೆ. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ಧಲಿಂಗಯ್ಯ ನಿರ್ದೇಶನ, 1972. ರಾಜಕುಮಾರ್ ಆಡಿದ ರಾಜೀವ ಭಾವ ತೀರಿಕೊಂಡ ಅಕ್ಕನ ಸಂಸಾರಕ್ಕೆ ಹೆಗಲು ಕೊಡಲು ಹಳ್ಳಿಗೆ ಬಂದು, ಬಂಜರು ನೆಲದಲ್ಲಿ ಬೇಸಾಯಕ್ಕಿಳಿಯುವ ಕಥೆ. ಓದಿದ ಹುಡುಗರು ಊರಿಗೆ ಮರಳಿ ನೇಗಿಲು ಹಿಡಿಯಲು ಆ ಚಿತ್ರವೇ ಕಾರಣ ಎಂದು ಜನ ಇಂದಿಗೂ ಹೇಳುತ್ತಾರೆ. ಅದರಲ್ಲಿ ಬಾಲಣ್ಣ ರಾಚೂಟಪ್ಪ. ಅಲ್ಲಿಯವರೆಗೆ ಎಷ್ಟೋ ಚಿತ್ರಗಳಲ್ಲಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಕಸಿದ ಮುಖ ಅದು. ನೆಲ, ಸಾಲ, ದಿಕ್ಕಿಲ್ಲದ ಸಂಸಾರ ಎಲ್ಲ ಇರುವ ಕಥೆಯಲ್ಲಿ ಆ ಮುಖ ಕಂಡ ಕೂಡಲೇ ಅಂದಿನ ಪ್ರೇಕ್ಷಕ ಇನ್ನು ಈ ಹುಡುಗನ ಕಥೆ ಮುಗಿಯಿತು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ರಾಚೂಟಪ್ಪ ರಾಜೀವನ ಬೆನ್ನಿಗೆ ನಿಲ್ಲುತ್ತಾನೆ. ಅದೇ ಎಳೆತದ ಮಾತು, ಅದೇ ಅಗಲ ಕಣ್ಣು, ಎದುರಿನವನ ಮುಖದಿಂದ ಕದಲದ ಅದೇ ನೋಟ. ಬಾಲಣ್ಣ ತಮ್ಮ ನಟನೆಯಲ್ಲಿ ಹೆಚ್ಚೇನೂ ಬದಲಿಸಿದಂತೆ ಕಾಣುವುದಿಲ್ಲ, ಆದರೂ ಈ ಸಲ ಆ ನೋಟದಲ್ಲಿ ಸಂಚಿಲ್ಲ, ಕಾಳಜಿಯಿದೆ. ಹೇಗೆ ಮಾಡಿದರು ಎಂದು ತಿಳಿಯಲು ಆ ದೃಶ್ಯಗಳನ್ನು ಒಮ್ಮೆ ಟೀವಿಯ ಸದ್ದು ತೆಗೆದು ನೋಡಬಹುದು.